ಪ್ರಕರಣ: ಜರ್ಮನಿಗೆ ಹೋದ ಮಗ ಫೋನಲ್ಲಿ ಬರೀ ನಗ್ತಾನೆ

ಈ ಕೇಸ್ ಬರೀಲಿಕ್ಕೆ ಹುಡುಗ, ಅವನ ಅಮ್ಮ ಇಬ್ರೂ ಒಪ್ಪಿದ್ದಾರೆ. ಗುರುತು ಸಿಗ್ಬಾರ್ದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಉಡುಪಿ ಕಡೆಯ ಹುಡುಗ ಅಂತ ತಿಳ್ಕೊಳ್ಳಿ, ಇಂಜಿನಿಯರಿಂಗ್ ಮೂರನೇ ವರ್ಷ, ಎಕ್ಸ್‌ಚೇಂಜಲ್ಲಿ ಒಂದು ಸೆಮಿಸ್ಟರಿಗೆ ಜರ್ಮನಿಗೆ ಹೋದವ.

ನನ್ನ ಹತ್ರ ಮೊದಲು ಬಂದದ್ದು ಅಮ್ಮ. "ಮೇಡಂ, ಮಗ ದಿನಾ ವಿಡಿಯೋ ಕಾಲ್ ಮಾಡ್ತಾನೆ, ಎಲ್ಲ ಚೆಂದ ಉಂಟು ಅಂತಾನೆ, ನಗ್ತಾನೆ. ಆದ್ರೆ ಯಾವಾಗ ನೋಡಿದ್ರೂ ಹಿಂದೆ ಅದೇ ಗೋಡೆ, ಅದೇ ಕರ್ಟನ್, ಅವ ಮಂಚದಲ್ಲೇ ಇರ್ತಾನೆ. ಕೆನ್ನೆ ಬೇರೆ ಒಳಗೆ ಹೋಗಿದೆ." ಮನೆಯವರೆಲ್ಲ ನಿಂಗೆ ಸುಮ್ನೆ ಟೆನ್ಷನ್ ಅಂತ ಅವರನ್ನೇ ಬೈದಿದ್ದರಂತೆ, ನನಗೆ ಮಾತ್ರ ಈ ಅಮ್ಮ ನೋಡಿದ್ದು ಸರಿಯೇ ಅನ್ನಿಸ್ತು, ಮಕ್ಕಳ ಮಾತಿಗಿಂತ ಹಿಂದಿನ ಗೋಡೆ ಎಷ್ಟೋ ಸಲ ಹೆಚ್ಚು ಹೇಳ್ತದೆ.

ಆಮೇಲೆ ಹುಡುಗನ ಜೊತೆ ಆನ್‌ಲೈನಲ್ಲಿ ಮಾತಾಡಿದೆ. ಶುರುವಲ್ಲಿ ನನಗೂ ಅದೇ ನಗು. ಹೋದ ಮೊದಲ ದಿನ ಎಂತ ತಿಂದೆ ಮಗಾ ಅಂತ ಕೇಳಿದೆ ನೋಡಿ, ಅಲ್ಲಿಗೆ ನಿಂತಿತು. ಅವ ಹಾಸ್ಟೆಲ್ ತಲುಪಿದ್ದು ಶನಿವಾರ ರಾತ್ರಿ. ಜರ್ಮನಿಯಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಎಲ್ಲ ಬಂದ್, ದೊಡ್ಡ ರೈಲ್ವೆ ಸ್ಟೇಷನ್, ಪೆಟ್ರೋಲ್ ಬಂಕಲ್ಲಿ ಮಾತ್ರ ಎಂತಾದ್ರೂ ಸಿಕ್ಕೀತು, ಅದು ಅವನಿಗೆ ಯಾರೂ ಹೇಳಿರ್ಲಿಲ್ಲ. ಇಡೀ ದಿನ ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ನಳ್ಳಿ ನೀರಲ್ಲಿ ನೆನೆಸಿ ತಿಂದಿದ್ದಾನೆ, ಮನೆಗೆ ಹೇಳಿದ್ದು ಮಾತ್ರ ಪಾಸ್ತಾ ತಿಂದೆ ಅಂತ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕಳಿಸಿದ್ದು, ಹಸಿವಾಯ್ತು ಅಂತ ಹೇಗೆ ಹೇಳುದು ಮೇಡಂ ಅಂದ. ಆ ಒಂದು ಸುಳ್ಳಿನ ಮೇಲೆ ದಿನಕ್ಕೊಂದು ಸೇರ್ತಾ ಹೋಯ್ತು.

ಮತ್ತೆ ಆ ಮೌನ. ಬಸ್ಸಲ್ಲಿ ಯಾರೂ ಮಾತಾಡುದಿಲ್ಲ, ಲಿಫ್ಟಲ್ಲಿ ಹಲೋ ಅಂದ್ರೆ ಮುಗೀತು. ಅವನ ಮಾತಲ್ಲೇ ಹೇಳುದಾದ್ರೆ "ಇಲ್ಲಿ ಯಾರಿಗೂ ನಾನು ಬೇಡ". ಇದನ್ನೇ ತಿರುಗಿಸಿ ತಿರುಗಿಸಿ ಹೇಳ್ತಿದ್ದ, ಹಾಗಾಗಿ ಹಾಗೆ ಅನಿಸ್ಲಿಕ್ಕೆ ಎಂತ ಆಯ್ತು, ಒಂದು ಘಟನೆ ಹೇಳು ಅಂದೆ.

ಒಂದು ರಾತ್ರಿ ಹತ್ತೂವರೆಗೆ ಕಾಮನ್ ಕಿಚನಲ್ಲಿ ಮಿಕ್ಸಿಗೆ ಕಾಯಿ ಹಾಕಿ ಚಟ್ನಿ ಮಾಡಿದ್ದಾನೆ. ಬೆಳಿಗ್ಗೆ ಕಿಚನ್ ಬಾಗಿಲಿಗೆ ಅಂಟಿಸಿದ ಚೀಟಿ. ಅವತ್ತಿಂದ ಆ ಕಿಚನಿಗೆ ಹೋಗುದೇ ಬಿಟ್ಟ, ರೂಮಲ್ಲೇ ಕೆಟಲಲ್ಲಿ ಮ್ಯಾಗಿ. ಚೀಟಿ ಇನ್ನೂ ಇಟ್ಕೊಂಡಿದ್ದ, ಫೋಟೋ ಕಳಿಸು ಅಂದೆ, ಇಬ್ಬರೂ ಕೂತು ಸಾಲುಸಾಲಾಗಿ ಓದಿದೆವು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಶಬ್ದ ಮಾಡ್ಬಾರ್ದು, ಮಿಕ್ಸಿ ದಯವಿಟ್ಟು ಹತ್ತರ ಒಳಗೆ ಹಾಕು ಅಂತ ಮೇಲಿನ ಎರಡು ಸಾಲು, ಅದು ಅವನಿಗೆ ಬಾಯಿಪಾಠ. ಕೆಳಗೆ ಇನ್ನೊಂದು ಸಾಲಿತ್ತು, ಮಧ್ಯದ ಶೆಲ್ಫಲ್ಲಿರುವ ಪಾತ್ರೆ ಎಣ್ಣೆ ಉಪ್ಪು ಎಲ್ಲರದ್ದು, ನೀನೂ ಬಳಸು ಅಂತ, ಬರೆದವಳ ರೂಮ್ ನಂಬರ್ ಸಮೇತ. ಆ ಸಾಲು ಅವನಿಗೆ ನೆನಪೇ ಇರ್ಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ.

ಇದರಲ್ಲಿ ಅವನ ತಪ್ಪೇನೂ ಇಲ್ಲ. ನಿದ್ದೆ ಕೆಟ್ಟು, ಹೊಟ್ಟೆ ಖಾಲಿ ಇದ್ದಾಗ ಮನಸ್ಸು ಬರೀ ಬೈಗುಳವನ್ನೇ ಹುಡುಕ್ತದೆ. ಅದರ ಮೇಲೆ ನಮ್ಮ ಊರಿನ ಲೆಕ್ಕ ಬೇರೆ. ಇಲ್ಲಿ ಪಕ್ಕದ ಮನೆಯವರಿಗೆ ಕಿರಿಕಿರಿ ಆದ್ರೆ ನಮಗೆ ಹೇಳುದಿಲ್ಲ, ಮೂರನೆಯವರಿಗೆ ಹೇಳ್ತಾರೆ, ಮುಖ ತಿರುಗಿಸ್ತಾರೆ, ಬಾಗಿಲಿಗೆ ಚೀಟಿ ಬಂತು ಅಂದ್ರೆ ಸಂಬಂಧ ಪೂರ್ತಿ ಹಾಳಾಗಿದೆ ಅಂತ ಅರ್ಥ. ಅಲ್ಲಿ ಹೇಳ್ಬೇಕಾದ್ದನ್ನು ಮೊದಲೇ ನೇರ ಹೇಳಿ ಬಿಡುದು, ಅದರಲ್ಲಿ ಸಿಟ್ಟು ಇರ್ಬೇಕಂತಿಲ್ಲ.

ಇನ್ನೊಂದು ವಿಷ್ಯ ಅವನನ್ನು ತುಂಬ ಕೊರೀತಿತ್ತು. ಹೊಸ ದೇಶಕ್ಕೆ ಹೋದವರಿಗೆ ಮೊದಲು ಎಲ್ಲ ಚೆಂದ ಕಾಣ್ತದೆ, ಆಮೇಲೆ ಬೇಸರ, ಮತ್ತೆ ಹೊಂದಾಣಿಕೆ ಅಂತ ಓರಿಯೆಂಟೇಶನಲ್ಲಿ ಹೇಳಿದ್ದರಂತೆ, ನಂಗೆ ಚೆಂದ ಕಾಣುದೇ ಇಲ್ವಲ್ಲ, ನಂದೇ ಎಂತದೋ ಪ್ರಾಬ್ಲಂ ಅಂತ ಅವನ ಚಿಂತೆ. ಇದು ಕಾಲೆರ್ವೊ ಓಬರ್ಗ್ ಅನ್ನುವ ಮಾನವಶಾಸ್ತ್ರಜ್ಞ 1960ರಲ್ಲಿ ಬರೆದ ಕಲ್ಚರ್ ಶಾಕಿನ ಹಂತಗಳು. ಆದ್ರೆ ಎಲ್ಲರಿಗೂ ಅದೇ ಕ್ರಮದಲ್ಲಿ ಆಗುದಿಲ್ಲ. ಜಪಾನಿಂದ ನ್ಯೂಜಿಲೆಂಡಿಗೆ ಹೋದ ವಿದ್ಯಾರ್ಥಿಗಳ ಬಗ್ಗೆ 1998ರಲ್ಲಿ ಬಂದ ಅಧ್ಯಯನದಲ್ಲಿ ಹೋದ ಹೊಸತರಲ್ಲೇ ಕಷ್ಟ ಎಲ್ಲಕ್ಕಿಂತ ಜಾಸ್ತಿ ಇತ್ತು. ಇದು ಕೇಳಿ ಅವನಿಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಬೇರೆ ಯಾವ ಮಾತಿಗೂ ಅಷ್ಟು ಆಗ್ಲಿಲ್ಲ.

ಸಾಯುವ ಯೋಚನೆ ಬರ್ತದಾ ಅಂತ ನೇರ ಕೇಳಿದೆ, ಇಲ್ಲ ಅಂದ. ಇದನ್ನು ಕೇಳ್ಲಿಕ್ಕೆ ಹೆದರ್ಬಾರ್ದು, ಕೇಳಿದ್ರೆ ಆ ಯೋಚನೆ ಹುಟ್ಟುದಿಲ್ಲ. ಕ್ಲಾಸ್ ತಪ್ಪಿಸ್ತಿರ್ಲಿಲ್ಲ, ಕ್ರಿಕೆಟ್ ಸ್ಕೋರ್ ನೋಡುವ ಆಸಕ್ತಿ ಇತ್ತು, ಹಾಗಾಗಿ ಖಿನ್ನತೆ ಅಂತ ನಂಗೆ ಅನ್ನಿಸ್ಲಿಲ್ಲ. ಆದ್ರೂ ಎರಡು ವಾರ ದಿನವಿಡೀ ಮನಸ್ಸು ಕುಸಿದೇ ಇದ್ರೆ, ಯಾವುದ್ರಲ್ಲೂ ಆಸಕ್ತಿ ಇಲ್ಲದೆ ಹೋದ್ರೆ ನನಗಾಗಿ ಕಾಯ್ಬೇಡ, ಅಲ್ಲಿಯ ಡಾಕ್ಟರ ಹತ್ರ ಹೋಗು ಅಂದೆ. ಅಲ್ಲಿ ಯೂನಿವರ್ಸಿಟಿ ಊರುಗಳಲ್ಲಿ ಸ್ಟುಡಿಯರೆಂಡೆನ್‌ವೆರ್ಕ್ ಅಂತ ಉಂಟು, ಹಾಸ್ಟೆಲ್, ಕ್ಯಾಂಟೀನ್ ನಡೆಸುದು ಅವರೇ, ಸುಮಾರು ಕಡೆ ಆಪ್ತಸಲಹೆಯೂ ಸಿಗ್ತದೆ. ತುರ್ತು ಆದ್ರೆ 112. ಇಲ್ಲಿ ಇರುವ ತಂದೆ ತಾಯಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ಬಹುದು.

ಮತ್ತೆ ದಿನಚರಿ ನೋಡಿದೆವು, ನಿಜವಾದ ಗಂಟು ಇದ್ದದ್ದು ಅಲ್ಲೇ. ಮನೆಯ ಕಾಲ್ ರಾತ್ರಿ ಒಂಬತ್ತಕ್ಕೆ, ಊಟ ಆದ ಮೇಲೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗ್ತದೆ, ನಮಗೂ ಅವರಿಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗ್ತದೆ, ಅಂದ್ರೆ ನಮ್ಮ ಒಂಬತ್ತು ಅಂದ್ರೆ ಅವನಿಗೆ ಸಂಜೆ ನಾಲ್ಕೂವರೆ. ಕಾಲ್ ಮುಗಿಯುವಾಗ ಏಳು ದಾಟ್ತಿತ್ತು. ಆ ಬಿಲ್ಡಿಂಗಿನ ಮಕ್ಕಳು ಕಿಚನಲ್ಲಿ ಸೇರುದು, ಅಡುಗೆ ಮಾಡುದು, ಆಡ್ಲಿಕ್ಕೆ ಹೋಗುದು ಎಲ್ಲ ಅದೇ ಹೊತ್ತಲ್ಲಿ. ಪ್ರೀತಿಯಿಂದಲೇ, ಆದ್ರೆ ಮನೆಯವರು ಅವನ ಸಂಜೆಯನ್ನೆಲ್ಲ ತೆಗೊಂಡಿದ್ದರು. ಅಮ್ಮನಿಗೆ ಇದು ಹೇಳುವಾಗ ನನಗೂ ಸಂಕಟ ಆಯ್ತು. ಈಗ ವಾರದ ದಿನ ಅವನ ಬೆಳಿಗ್ಗೆ ಎಂಟಕ್ಕೆ, ಇಲ್ಲಿ ಹನ್ನೆರಡೂವರೆಗೆ, ಹತ್ತು ನಿಮಿಷ. ಉದ್ದದ ಮಾತು ಭಾನುವಾರ, ಹೇಗೂ ಅಂಗಡಿ ಬಂದ್.

ಡಿಸೆಂಬರಲ್ಲಿ ನಾಲ್ಕು ನಾಲ್ಕೂವರೆಗೆಲ್ಲ ಕತ್ತಲಾಗ್ತದೆ, ಹಾಗಾಗಿ ಮಧ್ಯಾಹ್ನ ಬಿಸಿಲಿರ್ಲಿ ಮೋಡ ಇರ್ಲಿ ಹೊರಗೆ ನಡೀಲೇಬೇಕು ಅಂದೆ. ಊಟ ಮೆನ್ಸಾದಲ್ಲಿ, ಅಂದ್ರೆ ಯೂನಿವರ್ಸಿಟಿ ಕ್ಯಾಂಟೀನಲ್ಲಿ, ವಿದ್ಯಾರ್ಥಿಗಳಿಗೆ ಕಡಿಮೆ ರೇಟ್, ವೆಜ್ ಕೂಡ ಸಿಗ್ತದೆ. ಅವ ಪ್ರತಿ ತಟ್ಟೆಯನ್ನೂ ರುಪಾಯಿಗೆ ಲೆಕ್ಕ ಹಾಕಿ ಉಪವಾಸ ಬರ್ತಿದ್ದ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಲ್ಲಿ, ಅಂದ್ರೆ ಮೊದಲೇ ದುಡ್ಡು ಇಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೀಲಿಕ್ಕಾಗುವ ಖಾತೆಯಲ್ಲಿ, ತಿಂಗಳಿಗೆ 992 ಯೂರೋ ತೋರಿಸಿ ಹೋದದ್ದು, ಆ ದುಡ್ಡು ಇರುದೇ ತಿನ್ಲಿಕ್ಕೆ, ಇರ್ಲಿಕ್ಕೆ. ತಿಂಗಳ ಬಜೆಟ್ ಯೂರೋದಲ್ಲೇ ಬರಿ, ಕೌಂಟರಲ್ಲಿ ನಿಂತು ಗುಣಿಸ್ಬೇಡ ಅಂದೆ. ಸಾಲದ ಮಾತು ಅಪ್ಪನ ಹತ್ರ ಆಗ್ಬೇಕು ಅಂತ ಒಪ್ಪಿಸಿದೆ, ಅಪ್ಪ ಅಷ್ಟೇ ಹೇಳಿದ್ದು, "ಅದು ನನ್ನ ಲೆಕ್ಕ, ನೀನು ಉಣ್ಣು."

ಅಮ್ಮನಿಗೆ ಕೊಟ್ಟ ಕೆಲಸ ಕಷ್ಟದ್ದು. ಅವ ಒಂದು ಬೇಜಾರಿನ ವಿಷ್ಯ ಹೇಳಿದ್ರೆ ಅಳ್ಬಾರ್ದು, ಬಂದು ಬಿಡು ಅನ್ಬಾರ್ದು, ಕೂಡಲೇ ಚಿಕ್ಕಮ್ಮನಿಗೆ ಫೋನ್ ಮಾಡ್ಬಾರ್ದು, "ಹೌದಾ, ಮತ್ತೆ ಎಂತ ಮಾಡಿದಿ?" ಅಂತ ಕೇಳ್ಬೇಕು. ಮೊದಲ ಸಲ ಅವಲಕ್ಕಿ ಕತೆ ಕೇಳಿದಾಗ ಫೋನ್ ಇಟ್ಟ ಮೇಲೆ ಅತ್ತರಂತೆ, ಪರ್ವಾಗಿಲ್ಲ ಅಂದೆ.

ಹುಡುಗ ಆ ರೂಮಿನ ಬಾಗಿಲು ತಟ್ಟಿ ಸಾರಿ ಹೇಳಿದ್ದಾನೆ, ಅವಳಿಗೆ ಚೀಟಿ ಬರೆದದ್ದೇ ಮರ್ತು ಹೋಗಿತ್ತಂತೆ. ಈಗ ಕಿಚನಲ್ಲೇ ಅಡುಗೆ. ಊರು ಇನ್ನೂ ಇಷ್ಟ ಆಗ್ಲಿಲ್ಲ, ಕತ್ತಲೆ ಕಂಡ್ರೆ ಉದಾಸಿನ ಅಂತಾನೆ, ಇಷ್ಟ ಆಗ್ಲೇಬೇಕು ಅಂತ ನಾನೂ ಹೇಳ್ಲಿಲ್ಲ.

ಮಾರ್ಚಲ್ಲಿ ವಾಪಸ್ ಬಂದ ಮೇಲೆ ಇಲ್ಲಿಗೆ ಹೊಂದಿಕೊಳ್ತಾನಾ ಅಂತ ಅಮ್ಮ ಈಗಲೇ ಕೇಳ್ತಿದ್ದಾರೆ. ಬಂದ ವಾರವೇ ಮದುವೆ, ನೇಮ, ನೆಂಟರ ಮನೆ ಅಂತ ಕರ್ಕೊಂಡು ತಿರುಗ್ಬೇಡಿ, ಒಬ್ಬನೇ ವಾಕ್ ಹೋಗ್ತೇನೆ ಅಂದ್ರೆ ಬಿಡಿ, ಹದಿನೈದು ದಿನ ಕಳೆದ್ರೂ ರೂಮಿಂದ ಹೊರಗೆ ಬರದಿದ್ರೆ ನನ್ನ ಹತ್ರ ಕರ್ಕೊಂಡು ಬನ್ನಿ ಅಂದಿದ್ದೇನೆ.