ಒಂದನೇ ಕ್ಲಾಸಿನ ಮಗನಿಗೆ ಅಕ್ಷರ ಹತ್ತುತ್ತಿಲ್ಲ, ಇನ್ನೂ ಕಾಯಬೇಕಾ?

ಸೋಮವಾರಪೇಟೆ ಕಡೆಯವರು ನೀವು. ಮಗನಿಗೆ ಆರೂವರೆ ವರ್ಷ. ಟೀಚರ್ 'ಸ್ಪೆಷಲ್ ಸ್ಕೂಲ್ ನೋಡಿ' ಅಂದಿದ್ದಾರೆ, ಮನೆಯಲ್ಲಿ 'ದೊಡ್ಡವನಾದರೆ ಸರಿಹೋಗುತ್ತೆ' ಅನ್ನುತ್ತಾರೆ, ಯಾರ ಮಾತು ಕೇಳಲಿ ಅಂತ ಬರೆದಿದ್ದೀರಿ. ಸದ್ಯಕ್ಕೆ ಇಬ್ಬರದ್ದೂ ಬೇಡ.

ನಾವು ಪೊನ್ನಂಪೇಟೆ ಕಡೆಯವರು. ಮಗಳು ಈಗ ಏಳನೇ ಕ್ಲಾಸು. ಅವಳ ಅಪ್ಪನೂ ತಡವಾಗಿಯೇ ಓದಲು ಕಲಿತದ್ದಂತೆ. ಅದನ್ನೇ ನಂಬಿ ಎರಡು ವರ್ಷ ಸುಮ್ನೆ ಕೂತೆವು. ಅಷ್ಟರಲ್ಲಿ ಯೂನಿಫಾರಂ ಕಂಡರೇ ಅವಳಿಗೆ ಹೊಟ್ಟೆನೋವು ಬರುವ ಹಾಗಾಗಿತ್ತು.

ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಬುದ್ಧಿಯ ಮಾತು ಆಮೇಲೆ. ನಮ್ಮವಳಿಗೆ ಶೀತ ಬಂದಾಗಲೆಲ್ಲ ಕಿವಿಯ ತಮಟೆಯ ಹಿಂದೆ ನೀರು ತುಂಬುತ್ತಿತ್ತು. ನೋವಿಲ್ಲ, ಸೋರುವುದಿಲ್ಲ, ಹಾಗಾಗಿ ನಮಗೆ ಗೊತ್ತೇ ಆಗಲಿಲ್ಲ. ಜುಲೈ ಮಳೆ ಶೀಟಿನ ಮೇಲೆ ಬಡಿಯುವಾಗ ಹಿಂದಿನ ಬೆಂಚಿನಲ್ಲಿ ಕೂತ ಮಗುವಿಗೆ ಏನು ಕೇಳಿಸೀತು ಹೇಳಿ? 'ಗಮನ ಕೊಡಲ್ಲ' ಅಂತ ಡೈರಿಯಲ್ಲಿ ಬರೆದು ಕಳಿಸುತ್ತಿದ್ದರು.

ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ಕಿವಿ, ಮಾತು, ಕಲಿಕೆ ಎಲ್ಲವನ್ನೂ ಒಂದೇ ಕಡೆ ನೋಡುತ್ತಾರೆ. ಒಂದೇ ದಿನಕ್ಕೆ ಮುಗಿಯುತ್ತೆ ಅಂದುಕೊಳ್ಳಬೇಡಿ.

ಕಿವಿ ಸರಿಹೋಯಿತು. ಓದು ಮಾತ್ರ ಸರಿಹೋಗಲಿಲ್ಲ. ವ, ಮ, ಪ, ಷ ಎಲ್ಲ ಅವಳಿಗೆ ಒಂದೇ ಥರ ಕಾಣುತ್ತಿದ್ದವು. ಕಾಗುಣಿತ ಬಂದ ಮೇಲಂತೂ ಕೈಚೆಲ್ಲಿದಳು.

ಮನೆಯಲ್ಲಿ ನಾವು ಆಡುವುದು ಕೊಡವ ತಕ್ಕ್. ಅದನ್ನು ಬಿಟ್ಟು ಬರೀ ಕನ್ನಡ ಮಾತಾಡಿ ಅಂತ ಶಾಲೆಯಲ್ಲಿ ಹೇಳಿದ್ದರು. ಬಿಡಬೇಡಿ ಅಂದರು ಥೆರಪಿಸ್ಟ್. ಮನೆ ಮಾತು ಚೆನ್ನಾಗಿದ್ದು ಶಾಲೆಯ ಮಾತು ಮಾತ್ರ ಹಿಂದಿದ್ದರೆ ಅದು ಹೊಸ ಭಾಷೆಯ ತೊಡಕು ಇರಬಹುದು. ಎರಡರಲ್ಲೂ ತಡವಾಗಿದ್ದರೆ ತೋರಿಸಲೇಬೇಕು. ನಿಮ್ಮ ಮನೆ ಮಾತು ಅರೆಭಾಷೆಯೋ ಮಲಯಾಳವೋ ಗೊತ್ತಿಲ್ಲ, ಯಾವುದಾದರೂ ಇದನ್ನು ಗಮನಿಸಿ.

ಸರ್ಟಿಫಿಕೇಟಿನ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ. ಕಲಿಕಾ ನ್ಯೂನತೆಯ, ಅಂದರೆ ಬುದ್ಧಿ ಸರಿಯಿದ್ದರೂ ಓದು ಬರಹ ಹತ್ತದ ತೊಂದರೆಯ, ಪ್ರಮಾಣಪತ್ರ ಸಾಮಾನ್ಯವಾಗಿ ಮಗುವಿಗೆ 8 ವರ್ಷ ತುಂಬುವ ಮೊದಲು ಕೊಡುವುದಿಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಇಂಥದ್ದಕ್ಕೆಲ್ಲ ಅದು ಬೇಕು. ಆದರೆ ಮುಂದಿನ ಬೆಂಚಿಗೆ ಯಾವ ಸರ್ಟಿಫಿಕೇಟ್ ಬೇಕು? ಬೋರ್ಡಿನಿಂದ ಕಡಿಮೆ ಬರೆಸುವುದಕ್ಕೆ, ಎಲ್ಲರ ಮುಂದೆ ಜೋರಾಗಿ ಓದಿಸದೆ ಇರುವುದಕ್ಕೆ? 'ಪೇಪರ್ ಬರಲಿ, ಆಮೇಲೆ ನೋಡೋಣ' ಅಂದರೆ ಒಪ್ಪಬೇಡಿ. ನಾನು ಒಪ್ಪಿದ್ದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ, ಕಲಿಕಾ ನ್ಯೂನತೆಯೂ ಅದರಲ್ಲಿದೆ. ಅದನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಯದೇ ಕೆಲಸ ಅಂತ ಆ ಕಾಯ್ದೆ ಹೇಳುತ್ತೆ. ಹಾಗಂತ ಜಗಳಕ್ಕೆ ಹೋಗಬೇಡಿ. ಹೆಚ್ಚಿನ ಟೀಚರುಗಳಿಗೆ ಏನು ಮಾಡಬೇಕೆಂದು ಯಾರೂ ತೋರಿಸಿಕೊಟ್ಟಿರುವುದಿಲ್ಲ, ಅಷ್ಟೇ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಇಂಥ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ವಿಚಾರಿಸಿ. ನಿಮ್ಮದು ಸರ್ಕಾರಿ ಅಥವಾ ಅನುದಾನಿತ ಶಾಲೆಯಾದರೆ ವರ್ಷಕ್ಕೊಮ್ಮೆ ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಬಾಲ ಸ್ವಾಸ್ಥ್ಯ ತಂಡದ ವೈದ್ಯರು ಬರುತ್ತಾರೆ. ಆ ದಿನ ಮಗನನ್ನು ತಪ್ಪಿಸಬೇಡಿ.

ಸ್ಪೆಷಲ್ ಸ್ಕೂಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಹತ್ತಿರವೇ ಸುಂಟಿಕೊಪ್ಪದಲ್ಲಿ 'ಸ್ವಸ್ಥ' ಅನ್ನುವ ಸ್ಪೆಷಲ್ ಸ್ಕೂಲ್ ಇದೆ, ಅದು ಬೇಕಾದ ಮಕ್ಕಳೂ ಇದ್ದಾರೆ. ಆದರೆ ಪರೀಕ್ಷೆಯೇ ಆಗದೆ ಆ ತೀರ್ಮಾನ ಬೇಡ, ಅಲ್ವಾ?

ಮನೆಯಲ್ಲಿ ನಮಗೆ ಕೆಲಸಕ್ಕೆ ಬಂದದ್ದು ಕಾಫಿ ಕಣ. ಜನವರಿಯಲ್ಲಿ ಒಣಹಾಕಿದ ಕಾಫಿಯ ಮೇಲೆ ಬೆರಳಲ್ಲಿ ದೊಡ್ಡದಾಗಿ 'ವ' ಬರೆಸುತ್ತಿದ್ದೆ. ಬಾಯಲ್ಲಿ ಹೇಳುತ್ತಾ ಬರೆಯಬೇಕು. ಮರುದಿನವೂ ಅದೇ 'ವ'. ನಾಲ್ಕೈದು ದಿನ ಕಳೆದ ಮೇಲೆ 'ಮ'. ಮಳೆಗಾಲದಲ್ಲಿ ಮೊರದಲ್ಲಿ ಅಕ್ಕಿ ಹರಡಿ ಅದೇ ಆಟ. ಹತ್ತೇ ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಈಗಲೂ ಅವಳ ಓದು ನಿಧಾನವೇ, ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದುತ್ತಾಳೆ. ಹೊಟ್ಟೆನೋವು ಮಾತ್ರ ಹೋಗಿದೆ.

ಇನ್ನೊಂದು ಮಾತು. ಮಗನ ಹಳೆ ನೋಟ್‌ಬುಕ್ ಒಂದನ್ನೂ ಬಿಸಾಡಬೇಡಿ, ಯುಕೆಜಿಯದ್ದೂ ಇರಲಿ. ಮೈಸೂರಿನಲ್ಲಿ ಮೊದಲು ಕೇಳಿದ್ದೇ ಅದನ್ನು. ನಾನು ಎಲ್ಲವನ್ನೂ ರದ್ದಿಗೆ ಹಾಕಿ ಹೋಗಿದ್ದೆ.