ಓದುಗರ ಪ್ರಶ್ನೆ: ಸೀಟು ಬದಲಾದರೆ ಆಟೋಕ್ಯಾಡೂ ಬದಲಾಗುತ್ತದೆ

ಪ್ರಶ್ನೆ: ನಾನು ಹುಬ್ಬಳ್ಳಿಯ ಆರ್ಕಿಟೆಕ್ಟ್ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೇನೆ. ಎಂಟು ಜನರಿಗೆ ಆರು ಕಂಪ್ಯೂಟರ್‌ಗಳಿದ್ದು, ಬಂದವರು ಖಾಲಿ ಇದ್ದ ಸೀಟಿನಲ್ಲಿ ಕೂರುವುದು ರೂಢಿ. ಎಲ್ಲದಕ್ಕೂ ಒಂದೇ ವಿಂಡೋಸ್ ಲಾಗಿನ್, ಡ್ರಾಯಿಂಗ್‌ಗಳೆಲ್ಲ ಸರ್ವರ್‌ನಲ್ಲಿವೆ. ನಕ್ಷೆ ಬಿಡಿಸುವ ಆಟೋಕ್ಯಾಡ್ ತಂತ್ರಾಂಶದಲ್ಲಿ ನಾನು ‘ಸಿ’ ಒತ್ತಿದರೆ ಕಾಪಿ ಕಮಾಂಡ್ ಬರುವಂತೆ ಮಾಡಿಕೊಂಡಿದ್ದೇನೆ, ಬೇರೆ ಸೀಟಿನಲ್ಲಿ ಅದೇ ‘ಸಿ’ ಸರ್ಕಲ್ ಆಗುತ್ತದೆ. ಕೆಲವು ದಿನ ಫೈಲ್ ತೆರೆಯಲು ಹೋದರೆ ಕಿಟಕಿಯೇ ಬರದೆ, ಕೆಳಗಿನ ಕಮಾಂಡ್ ಸಾಲಿನಲ್ಲಿ ಹೆಸರನ್ನು ಟೈಪ್ ಮಾಡುವಂತೆ ಕೇಳುತ್ತದೆ. ಪ್ರೊಫೈಲನ್ನು (ನನ್ನ ಸೆಟಿಂಗ್‌ಗಳ ಕಟ್ಟು) ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದರೂ ಅರ್ಧ ಸೆಟಿಂಗ್‌ಗಳು ಮಾತ್ರ ಬರುತ್ತವೆ. ಪರಿಹಾರವಿದೆಯೇ?

ಉತ್ತರ: ನಿಮ್ಮ ತೊಂದರೆಯ ಬೇರು ಆ ಒಂದೇ ಲಾಗಿನ್‌ನಲ್ಲಿದೆ. ಆಟೋಕ್ಯಾಡ್‌ಗೆ ಸೀಟಿನಲ್ಲಿ ಕುಳಿತವರು ಯಾರೆಂಬುದು ತಿಳಿಯುವುದಿಲ್ಲ. ಅದು ಗುರುತಿಸುವುದು ವಿಂಡೋಸ್ ಲಾಗಿನ್ನನ್ನು ಮಾತ್ರ. ಪರದೆಯ ಬಣ್ಣ, ಕ್ರಾಸ್‌ಹೇರ್‌ನ ಅಳತೆ, ಆಬ್ಜೆಕ್ಟ್ ಸ್ನ್ಯಾಪ್‌ನ ಆಯ್ಕೆಗಳು, ಫೈಲುಗಳನ್ನು ಹುಡುಕುವ ದಾರಿಗಳು ಇವೆಲ್ಲ ಆ ಲಾಗಿನ್‌ನ ರಿಜಿಸ್ಟ್ರಿಯಲ್ಲಿ, ಎಂದರೆ ವಿಂಡೋಸ್ ಸೆಟಿಂಗ್‌ಗಳನ್ನು ಬರೆದಿಡುವ ಜಾಗದಲ್ಲಿ, ಕೂರುತ್ತವೆ. ಎಂಟು ಜನ ಒಂದೇ ಹೆಸರಿನಲ್ಲಿ ಒಳಹೊಕ್ಕರೆ, ಒಬ್ಬರು ಸಂಜೆ ಬಿಟ್ಟುಹೋದ ಸ್ಥಿತಿಯೇ ಇನ್ನೊಬ್ಬರಿಗೆ ಬೆಳಿಗ್ಗೆ ಸಿಗುತ್ತದೆ. ಕಿಟಕಿ ಬಾರದಿರುವುದೂ ಇದರದೇ ಫಲ: ಆಟೋಕ್ಯಾಡ್‌ನೊಳಗೆ ಓಡುವ ಯಾವುದೋ ಲಿಸ್ಪ್ ಪ್ರೋಗ್ರಾಂ ‘ಫೈಲ್‌ಡಯಾ’ ಎಂಬ ವೇರಿಯಬಲ್ಲನ್ನು 0 ಮಾಡಿ, ಮತ್ತೆ 1 ಮಾಡುವ ಮುನ್ನವೇ ಯಾರೋ ಎಸ್ಕೇಪ್ ಒತ್ತಿರುತ್ತಾರೆ. ಕಮಾಂಡ್ ಸಾಲಿನಲ್ಲಿ ಫೈಲ್‌ಡಯಾ ಎಂದು ಇಂಗ್ಲಿಷಿನಲ್ಲಿ (FILEDIA) ಟೈಪ್ ಮಾಡಿ 1 ಕೊಟ್ಟರೆ ಕಿಟಕಿ ಮರಳಿ ಬರುತ್ತದೆ.

ಎಕ್ಸ್‌ಪೋರ್ಟ್ ಮಾಡಿದ ಎಆರ್‌ಜಿ ಫೈಲಿನಲ್ಲಿ ಇರುವುದು ಈ ರಿಜಿಸ್ಟ್ರಿಯ ಭಾಗವಷ್ಟೇ. ನಿಮ್ಮ ‘ಸಿ’ ಇರುವುದು ಅಕ್ಯಾಡ್ ಡಾಟ್ ಪಿಜಿಪಿ ಎಂಬ ಪ್ರತ್ಯೇಕ ಫೈಲಿನಲ್ಲಿ. ಮೆನು, ಟೂಲ್‌ಬಾರ್‌ಗಳಿರುವುದು ಸಿಯುಐಎಕ್ಸ್ ಫೈಲಿನಲ್ಲಿ. ಎಆರ್‌ಜಿ ಅವುಗಳನ್ನು ಹೊತ್ತುಕೊಂಡು ಬರುವುದಿಲ್ಲ, ಎಲ್ಲಿ ಹುಡುಕಬೇಕೆಂಬ ವಿಳಾಸವನ್ನು ಮಾತ್ರ ತರುತ್ತದೆ. ಆ ವಿಳಾಸ ಹಳೆಯ ಕಂಪ್ಯೂಟರಿನ ಸಿ ಡ್ರೈವ್‌ನದಾಗಿದ್ದರೆ ಹೊಸ ಸೀಟಿನಲ್ಲಿ ಅಲ್ಲಿ ನಿಮ್ಮ ಫೈಲು ಇರುವುದಿಲ್ಲ. ಎಆರ್‌ಜಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಈ ದಾರಿಗಳನ್ನು ನೀವೇ ಓದಬಹುದು.

ಆದ್ದರಿಂದ ಮೊದಲು ಪ್ರತಿಯೊಬ್ಬರಿಗೂ ಪ್ರತ್ಯೇಕ ವಿಂಡೋಸ್ ಲಾಗಿನ್ ಮಾಡಿಸಿಕೊಳ್ಳಿ. ಅನಂತರ ಸರ್ವರ್‌ನಲ್ಲಿ ನಿಮ್ಮ ಹೆಸರಿನ ಒಂದು ಫೋಲ್ಡರ್ ತೆರೆದು, ಪಿಜಿಪಿ ಫೈಲನ್ನೂ ನಿಮ್ಮ ಲಿಸ್ಪ್‌ಗಳನ್ನೂ ಅದರಲ್ಲಿಟ್ಟು, ಆಪ್ಷನ್ಸ್ ಕಿಟಕಿಯ ಫೈಲ್ಸ್ ವಿಭಾಗದ ಸಪೋರ್ಟ್ ಫೈಲ್ ಹುಡುಕು ದಾರಿಗಳಲ್ಲಿ ಆ ಫೋಲ್ಡರನ್ನು ಎಲ್ಲಕ್ಕಿಂತ ಮೇಲಕ್ಕೆ ಸೇರಿಸಿ. ಒಂದೇ ಹೆಸರಿನ ಎರಡು ಫೈಲುಗಳಿದ್ದಾಗ ಆಟೋಕ್ಯಾಡ್ ಮೊದಲು ಸಿಕ್ಕಿದ್ದನ್ನೇ ಓದುವುದರಿಂದ ಈ ಕ್ರಮ ಮುಖ್ಯ. ಇದಾದ ಮೇಲೆ ಎಕ್ಸ್‌ಪೋರ್ಟ್ ಮಾಡಿದ ಎಆರ್‌ಜಿಯನ್ನು ಉಳಿದ ಐದು ಕಂಪ್ಯೂಟರ್‌ಗಳಲ್ಲಿ ನಿಮ್ಮ ಲಾಗಿನ್‌ನಲ್ಲಿ ಒಮ್ಮೆ ಇಂಪೋರ್ಟ್ ಮಾಡಿದರೆ ಸಾಕು. ಒಂದು ಆವೃತ್ತಿಯ ಎಆರ್‌ಜಿಯನ್ನು ಇನ್ನೊಂದಕ್ಕೆ ಹಾಕಬೇಡಿ.

ಪ್ರತ್ಯೇಕ ಲಾಗಿನ್‌ಗೆ ಕಚೇರಿ ಒಪ್ಪದಿದ್ದರೆ, ಒಬ್ಬೊಬ್ಬರ ಹೆಸರಿನಲ್ಲಿ ಪ್ರೊಫೈಲ್ ಮಾಡಿ, ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನ ಟಾರ್ಗೆಟ್ ಸಾಲಿನ ಕೊನೆಗೆ ಓರೆಗೆರೆ (/), ಪಿ, ಉದ್ಧರಣ ಚಿಹ್ನೆಯೊಳಗೆ ಪ್ರೊಫೈಲಿನ ಹೆಸರು ಇಷ್ಟನ್ನು ಸೇರಿಸಬಹುದು. ಇದು ತೇಪೆ ಹಚ್ಚುವ ಕೆಲಸವೇ ಸರಿ, ಏಕೆಂದರೆ ಕೆಲವು ಸೆಟಿಂಗ್‌ಗಳು ಪ್ರೊಫೈಲಿಗೆ ಸೇರದೆ ಲಾಗಿನ್‌ಗೇ ಅಂಟಿಕೊಂಡಿರುತ್ತವೆ. ತುಂಡುಗೆರೆಗಳ ಅಳತೆಯನ್ನು ನಿರ್ಧರಿಸುವ ಎಲ್‌ಟಿಸ್ಕೇಲ್‌ನಂಥವು ಎರಡಕ್ಕೂ ಸೇರದೆ ಡ್ರಾಯಿಂಗ್‌ನೊಳಗೇ ಉಳಿಯುತ್ತವೆ. ಅವು ಬದಲಾದುದಕ್ಕೆ ಪಕ್ಕದ ಸೀಟಿನವರನ್ನು ದೂರಬೇಡಿ.

ಪ್ರಶ್ನೆ: ಮಂಗಳೂರಿನಲ್ಲಿ ಸಣ್ಣ ಸ್ಟ್ರಕ್ಚರಲ್ ಕಚೇರಿ ನಡೆಸುತ್ತಿದ್ದೇನೆ. ನಮ್ಮಲ್ಲಿ ಎಲ್ಲರಿಗೂ ಪ್ರತ್ಯೇಕ ಲಾಗಿನ್ ಇದ್ದರೂ, ಒಂದೇ ಹಾಳೆಯನ್ನು ಇಬ್ಬರು ಪ್ಲಾಟ್ ಮಾಡಿದರೆ (ಕಾಗದಕ್ಕೆ ಮುದ್ರಿಸಿದರೆ) ಗೆರೆಗಳ ದಪ್ಪ ಬೇರೆ ಬೇರೆ ಬರುತ್ತದೆ. ಏಕೆ?

ಉತ್ತರ: ಹಿಂದಿನ ಓದುಗರ ತೊಂದರೆಯನ್ನು ತಲೆಕೆಳಗು ಮಾಡಿದರೆ ನಿಮ್ಮದಾಗುತ್ತದೆ. ಗೆರೆಯ ದಪ್ಪವನ್ನು ನಿರ್ಧರಿಸುವ ಸಿಟಿಬಿ ಫೈಲುಗಳ ಒಂದೊಂದು ಪ್ರತಿ ಪ್ರತಿಯೊಂದು ಲಾಗಿನ್‌ನ ಆಪ್‌ಡೇಟಾ ಫೋಲ್ಡರಿನೊಳಗೂ ಇರುತ್ತದೆ. ಒಬ್ಬ ಎಂಜಿನಿಯರ್ ತಮ್ಮ ಮಾನೋಕ್ರೋಮ್ ಸಿಟಿಬಿಯಲ್ಲಿ ಕೆಂಪು ಬಣ್ಣಕ್ಕೆ 0.5 ಮಿ.ಮೀ. ಕೊಟ್ಟು, ಇನ್ನೊಬ್ಬರು ಅದನ್ನೇ 0.18 ಮಾಡಿಕೊಂಡರೆ ಫೈಲಿನ ಹೆಸರು ಒಂದೇ ಇರುತ್ತದೆ, ಕಾಗದದ ಮೇಲೆ ಬೀಮ್‌ನ ಗೆರೆ ಮಾತ್ರ ಬೇರೆಯಾಗುತ್ತದೆ. ಹಿಂದೆ ನಾನಿದ್ದ ಕಚೇರಿಯಲ್ಲಿ ಇದನ್ನು ಪ್ಲಾಟರಿನ ದೋಷವೆಂದೇ ನಂಬಿ ಎರಡು ಬಾರಿ ಮೆಕ್ಯಾನಿಕ್‌ನನ್ನು ಕರೆಸಿದ್ದೆವು.

ಕೈಗೆ ಒಗ್ಗಿದ ಶಾರ್ಟ್‌ಕಟ್‌ಗಳು, ಪರದೆಯ ಬಣ್ಣ ಮುಂತಾದವು ಕೆಲಸ ಮಾಡುವವರ ಸ್ವಂತದ್ದು, ಅವುಗಳಲ್ಲಿ ಮಾಲೀಕರು ಕೈಹಾಕದಿರುವುದೇ ಲೇಸು. ಕಾಗದಕ್ಕೆ ಇಳಿಯುವುದೆಲ್ಲ ಕಚೇರಿಯದು: ಸಿಟಿಬಿ, ಪ್ಲಾಟರಿನ ಸೆಟಿಂಗ್‌ಗಳಿರುವ ಪಿಸಿ3, ಡಿಡಬ್ಲ್ಯೂಟಿ ಟೆಂಪ್ಲೇಟ್, ಟೈಟಲ್ ಬ್ಲಾಕ್. ಇವನ್ನು ಸರ್ವರ್‌ನ ಒಂದು ಫೋಲ್ಡರಿನಲ್ಲಿಟ್ಟು, ಎಲ್ಲರ ಪ್ರೊಫೈಲ್‌ಗಳಲ್ಲೂ ಪ್ಲಾಟ್ ಸ್ಟೈಲ್ ಮತ್ತು ಟೆಂಪ್ಲೇಟ್ ದಾರಿಗಳನ್ನು ಅಲ್ಲಿಗೆ ತಿರುಗಿಸಿ. ಕಚೇರಿಯ ಮೆನುವನ್ನು ಎಂಟರ್‌ಪ್ರೈಸ್ ಕಸ್ಟಮೈಸೇಶನ್ ಫೈಲಾಗಿ ಕೊಟ್ಟರೆ ಅದು ಓದಲು ಮಾತ್ರ ತೆರೆದುಕೊಳ್ಳುತ್ತದೆ. ಪ್ರತಿಯೊಬ್ಬರ ಮುಖ್ಯ ಸಿಯುಐಎಕ್ಸ್ ಅವರವರ ಬಳಿಯೇ ಇರಲಿ. ದಾರಿಯನ್ನು ಝಡ್ ಡ್ರೈವ್ ಎಂದು ಕೊಡದೆ ಸರ್ವರ್‌ನ ಹೆಸರಿನಿಂದ ಆರಂಭಿಸಿ ಪೂರ್ತಿ ಕೊಡಿ, ಏಕೆಂದರೆ ಒಬ್ಬರಿಗೆ ಝಡ್ ಆದದ್ದು ಇನ್ನೊಬ್ಬರಿಗೆ ವೈ ಆಗಿರಬಹುದು.

ಆ ಫೋಲ್ಡರಿನಲ್ಲಿ ಬರೆಯುವ ಹಕ್ಕು ಒಬ್ಬರಿಗಷ್ಟೇ ಇರಲಿ. ಅಕ್ಯಾಡ್‌ಡಾಕ್ ಡಾಟ್ ಎಲ್‌ಎಸ್‌ಪಿ ಎಂಬ ಹೆಸರಿನ ಫೈಲು ಹುಡುಕು ದಾರಿಯಲ್ಲಿ ಸಿಕ್ಕರೆ ಪ್ರತಿ ಡ್ರಾಯಿಂಗ್ ತೆರೆದಾಗಲೂ ತಾನಾಗಿ ಓಡುತ್ತದೆ, ಇದೇ ಹೆಸರನ್ನು ತೊಟ್ಟ ವೈರಸ್‌ಗಳು ಡ್ರಾಯಿಂಗ್ ಫೋಲ್ಡರ್‌ಗಳ ಮೂಲಕ ಹರಡಿದ್ದುಂಟು. ಸರ್ವರ್‌ನ ದಾರಿಯನ್ನು ಟ್ರಸ್ಟೆಡ್ ಪಾತ್ಸ್‌ಗೆ (ಆಟೋಕ್ಯಾಡ್ ನಂಬುವ ದಾರಿಗಳ ಪಟ್ಟಿಗೆ) ಸೇರಿಸುವ ಮುನ್ನವೇ ಅದಕ್ಕೆ ಈ ಬೀಗ ಬಿದ್ದಿರಬೇಕು. ಸರ್ವರ್ ಬದಲಿಸಿದಾಗ ಹಳೆಯ ದಾರಿಗಳನ್ನು ಅಳಿಸಲು ಮರೆಯಬೇಡಿ. ಇಲ್ಲದ ಸರ್ವರನ್ನು ಹುಡುಕುತ್ತ ಆಟೋಕ್ಯಾಡ್ ತೆರೆದುಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ.

ಪ್ರಶ್ನೆ: ಪ್ರತ್ಯೇಕ ಲಾಗಿನ್ ಮಾಡಿದ ಮೇಲೆ, ಅದೇ ಕಂಪ್ಯೂಟರಿನಲ್ಲಿ ನನಗೆ ಸರಿಯಾಗಿ ಕಾಣುವ ನುಡಿ ಫಾಂಟಿನ ಶೀರ್ಷಿಕೆ ಸಹೋದ್ಯೋಗಿಗೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದಂತೆ ಕಾಣುತ್ತದೆ.

ಉತ್ತರ: ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ಫಾಂಟನ್ನು ‘ಇನ್‌ಸ್ಟಾಲ್’ ಎಂದಷ್ಟೇ ಒತ್ತಿ ಹಾಕಿದರೆ ಅದು ಆ ಒಂದು ಲಾಗಿನ್‌ಗೆ ಮಾತ್ರ ಸೇರುತ್ತದೆ. ಅಡ್ಮಿನಿಸ್ಟ್ರೇಟರ್ ಹಕ್ಕಿರುವವರು ಫಾಂಟ್ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಮಾಡುವ ಆಯ್ಕೆಯನ್ನು ಒತ್ತಿ, ಆಟೋಕ್ಯಾಡನ್ನು ಮುಚ್ಚಿ ತೆರೆಯಲಿ.