ಡಿಲೇ ಪೆಡಲ್ ಹಾಕಿದರೆ ಧ್ವನಿ ಮಂಕಾಗುವ ಬಗ್ಗೆ

ಹಾಸನದ ಮಿತ್ರರೇ, ಮನೆಯಲ್ಲಿ ಕಟ್ಟಿದ ವಾಲ್ವ್ ಆಂಪ್ಲಿಫೈಯರಿನ ವಾಲ್ಯೂಮ್ ಪಾಟ್‌ನಿಂದ ನೇರವಾಗಿ ಎಫೆಕ್ಟ್ಸ್ ಲೂಪ್ (ಸಿಗ್ನಲ್ಲನ್ನು ಪೆಡಲ್‌ಗೆ ಕಳಿಸಿ ಮರಳಿ ಪಡೆಯುವ ದಾರಿ) ತೆಗೆದಿದ್ದೀರಿ. ಡಿಲೇ ಪೆಡಲ್ (ಧ್ವನಿಯನ್ನು ತಡವಾಗಿ ಮರುಕಳಿಸುವ ಸಾಧನ) ಸೇರಿಸಿದರೆ ಧ್ವನಿ ಮಂಕಾಗುತ್ತದೆ, ಜೋರಾಗಿ ನುಡಿಸಿದರೆ ಒಡೆಯುತ್ತದೆ, ಬಫರ್ (ಕೇಬಲ್, ಪೆಡಲ್‌ಗಳ ಹೊರೆ ಸಿಗ್ನಲ್ ಮೇಲೆ ಬೀಳದಂತೆ ತಡೆಯುವ ಹಂತ) ಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಕು, ಆದರೆ ಬಫರ್ ಒಂದೇ ಸಾಲದು.

1 ಮೆಗಾಓಮ್ ಪಾಟ್ ನಡುವಿನಲ್ಲಿದ್ದಾಗ ಸುಮಾರು 250 ಕಿಲೋಓಮ್ ಇಂಪಿಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) ತೋರುತ್ತದೆ. ಮೀಟರಿಗೆ 100 ಪಿಕೋಫ್ಯಾರಡ್ ಇರುವ 5 ಮೀಟರ್ ಕೇಬಲ್ ಅದಕ್ಕೆ ಸೇರಿದರೆ 1,300 ಹರ್ಟ್ಸ್ ಆಸುಪಾಸಿನಿಂದಲೇ ಮೇಲಿನ ಸ್ವರಗಳು ಕುಸಿಯತೊಡಗುತ್ತವೆ. ಒಂದೇ ಗಾಜಿನೊಳಗೆ ಎರಡು ಭಾಗಗಳಿರುವ 12ಎಎಕ್ಸ್7 ವಾಲ್ವಿನ ಅರ್ಧವನ್ನು ಕ್ಯಾಥೋಡ್ ಫಾಲೋಯರ್ ಆಗಿ, ಅಂದರೆ ಕ್ಯಾಥೋಡ್ ಎಂಬ ತುದಿಯಿಂದ ಸಿಗ್ನಲ್ ತೆಗೆಯುವ ಬಫರ್ ಆಗಿ, ಬಳಸಿದರೆ ಇಂಪಿಡೆನ್ಸ್ 600 ಓಮ್‌ಗಳ ಆಸುಪಾಸಿಗೆ ಇಳಿದು ಈ ತೊಂದರೆ ನೀಗುತ್ತದೆ.

ಧ್ವನಿ ಒಡೆಯುವುದಕ್ಕೆ ಕಾರಣವೇ ಬೇರೆ: ಪ್ರೀಆಂಪ್‌ನಿಂದ (ಆಂಪ್ಲಿಫೈಯರಿನ ಮೊದಲ ಹಂತ) ಹತ್ತಾರು ವೋಲ್ಟ್ ಬರಬಹುದು, ಪೆಡಲ್ ನಡೆಯುವುದು 9 ವೋಲ್ಟ್‌ನಲ್ಲಿ. ಆದ್ದರಿಂದ ಫಾಲೋಯರಿನ ಗ್ರಿಡ್‌ಗೆ (ಸಿಗ್ನಲ್ ಒಳಬರುವ ತುದಿ) ಮೊದಲೇ ರೆಸಿಸ್ಟರ್ ಡಿವೈಡರ್ (ವೋಲ್ಟೇಜ್ ತಗ್ಗಿಸುವ ರೆಸಿಸ್ಟರ್ ಜೋಡಿ) ಇಟ್ಟು ಸಿಗ್ನಲ್ಲನ್ನು 1 ವೋಲ್ಟ್‌ಗಿಂತ ಕೆಳಗಿಳಿಸಿ, ಹಿಂದಿರುಗುವಾಗ ಅದೇ ವಾಲ್ವಿನ ಉಳಿದರ್ಧದಿಂದ ಮತ್ತೆ ವರ್ಧಿಸಿಕೊಳ್ಳಿ. ಡಿವೈಡರನ್ನು ಫಾಲೋಯರಿನ ನಂತರ ಇಟ್ಟರೆ ಇಳಿಸಿದ ಇಂಪಿಡೆನ್ಸ್ ಮತ್ತೆ ಏರುತ್ತದೆ.

ಪೆಡಲ್‌ಗೆ ಸಿಗ್ನಲ್ ಕಳಿಸುವ ಸೆಂಡ್ ಜಾಕ್‌ಗೆ ಹೋಗುವ ಕೆಪಾಸಿಟರ್ ಕನಿಷ್ಠ 400 ವೋಲ್ಟ್‌ನದಾಗಿರಲಿ, ಏಕೆಂದರೆ ಅದು ಸೋರಿದರೆ ಕ್ಯಾಥೋಡಿನ ಡಿಸಿ ನೇರವಾಗಿ ಪೆಡಲ್‌ಗೆ ನುಗ್ಗುತ್ತದೆ. ಕೈ ಹಾಕುವ ಮುನ್ನ ಪವರ್ ಸಪ್ಲೈ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಬರಿದು ಮಾಡಿ, ಮೀಟರಿನಲ್ಲಿ ನೋಡಿಕೊಳ್ಳಿ. ಪೆಡಲ್‌ನಿಂದ ಸಿಗ್ನಲ್ ಮರಳುವ ರಿಟರ್ನ್ ಜಾಕ್‌ನಲ್ಲಿ, ಪ್ಲಗ್ ಇಲ್ಲದಾಗ ಸಿಗ್ನಲ್ಲನ್ನು ನೇರವಾಗಿ ದಾಟಿಸುವ ಸ್ವಿಚ್ ಸಂಪರ್ಕಕ್ಕೆ ನಮ್ಮ ಚಿಕ್ಕಮಗಳೂರಿನ ಮಳೆಗಾಲದ ತೇವದಲ್ಲಿ ಕಿಲುಬು ಹಿಡಿಯುತ್ತದೆ. ಪೆಡಲ್ ಇಲ್ಲದಿದ್ದಾಗ ಧ್ವನಿ ಕಡಿದುಹೋದರೆ ಮೊದಲು ಅದನ್ನೇ ಶುಚಿಗೊಳಿಸಿ.